ಅನುಮೋದಿಸಿದವನ ಪಾಲು

ಮಾಡಿದವನೊಬ್ಬನೇ ಕರ್ತೃವೋ, ಮಾಡೆಂದವನೂ ಕರ್ತೃವೋ, ಮಾಡುವಾಗ ನೋಡುತ್ತ ನಿಂತು ತಲೆಯಾಡಿಸಿದವನಿಗೂ ಅದರಲ್ಲಿ ಪಾಲುಂಟೋ ಎಂಬ ಪ್ರಶ್ನೆಯನ್ನು ನಾನು ಪಾಠಶಾಲೆಯಲ್ಲಿ ವ್ಯಾಕರಣದ ಚರ್ಚೆಯೆಂದು ಕಂಠಪಾಠ ಮಾಡಿದ್ದೆನು. ಅದು ನನ್ನ ಮೈಗೆ ತಗುಲಿದುದು ಅರಸೀಕೆರೆಯಿಂದ ಜಾವಗಲ್ಲಿಗೆ ಹೋಗುವ ದಾರಿಯ ಒಂದು ರಿಪೇರಿ ಷೆಡ್ಡಿನಲ್ಲಿ. ಯಂತ್ರದ ಮಾತನ್ನು ಈ ಪತ್ರಿಕೆಗೆ ತಂದುದಕ್ಕೆ ವಾಚಕರು ಕ್ಷಮಿಸಬೇಕು.

ನನ್ನ ತಂಗಿಯ ಮಗನಲ್ಲಿ ನಲವತ್ತು ವರ್ಷ ದಾಟಿದ ಟ್ರಾಕ್ಟರೊಂದಿದೆ. ಹದಮಳೆ ಬಿದ್ದ ಮರುದಿನವೇ ಅದರ ಸೆಲ್ಫ್ ನಿಂತುಹೋಯಿತು. ಚಾವಿ ತಿರುಗಿಸಿದರೆ ಸದ್ದೇ ಇಲ್ಲ. ಅದನ್ನು ಎಳೆಸಿಕೊಂಡು ಷೆಡ್ಡಿಗೆ ಹೋದಾಗ ನಾನೂ ಜೊತೆಗಿದ್ದೆನು. ಅಲ್ಲಿನ ಮೆಕ್ಯಾನಿಕ್ಕನು ಒಳ್ಳೆಯ ಅಧ್ಯಾಪಕನಾಗಬಹುದಾಗಿದ್ದವನು. ತಂತಿಗಳನ್ನು ಒಂದೊಂದಾಗಿ ಮುಟ್ಟಿ ತೋರಿಸುತ್ತ ಅವುಗಳ ಮರ್ಮವನ್ನು ಹೇಳಿಕೊಟ್ಟನು.

ಬ್ಯಾಟರಿ ೧೨ ವೋಲ್ಟಿನದು. ಡೀಸೆಲ್ ಎಂಜಿನ್ನಿನೊಳಗಿನ ಒತ್ತಡವನ್ನು ಮೀರಿ ಅದನ್ನು ಉರುಳಿಸಲು ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಪ್ರವಾಹ ಬೇಕು. ಅಷ್ಟನ್ನು ಚಾವಿಯ ಸಣ್ಣ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚೇ ಸುಟ್ಟುಹೋದೀತು. ಆದುದರಿಂದ ಬ್ಯಾಟರಿಯ ದಪ್ಪ ಕೇಬಲ್ಲು ಸೊಲೆನಾಯ್ಡ್ ಎಂಬ ಡಬ್ಬಿಯ ಒಂದು ಬೋಲ್ಟಿಗೆ ಬಂದು ನಿಲ್ಲುತ್ತದೆ. ಇನ್ನೊಂದು ಬೋಲ್ಟಿನಿಂದ ಮೋಟಾರಿಗೆ ದಾರಿ. ಇವೆರಡರ ನಡುವೆ ಸಂಪರ್ಕವಿಲ್ಲ. ಚಾವಿಯಿಂದ ಬರುವ ಸಣ್ಣ ತಂತಿಯು ಡಬ್ಬಿಯೊಳಗಿನ ಸುರುಳಿಯನ್ನು ಅಯಸ್ಕಾಂತವನ್ನಾಗಿ ಮಾಡಿದಾಗ ಮಾತ್ರ ಎರಡೂ ಕೂಡುತ್ತವೆ. ಆ ಸಣ್ಣ ತಂತಿಯಾದರೂ ನೇರವಾಗಿ ಬರುವುದಿಲ್ಲ; ಗೇರ್ ಪೆಟ್ಟಿಗೆಯ ಬಳಿ ಇನ್ನೊಂದು ಸ್ವಿಚ್ಚನ್ನು ಹಾದು ಬರುತ್ತದೆ. ಗೇರು ನ್ಯೂಟ್ರಲ್ಲಿನಲ್ಲಿ ಇರದಿದ್ದರೆ ಅದು ಪ್ರವಾಹವನ್ನು ಬಿಡದು. ಚಾವಿ ಆಜ್ಞೆ ಮಾಡಬೇಕು, ಗೇರು ಒಪ್ಪಬೇಕು. ಕೆಟ್ಟಿದ್ದುದು ಈ ಎರಡನೆಯದು.

“ಈ ಸ್ವಿಚ್ ಹಾಸನದಿಂದ ಬರ್ಬೇಕು ಮೇಷ್ಟ್ರೇ, ಎರಡು ದಿನ ಆಗುತ್ತೆ. ಅದನ್ನ ಬಿಟ್ಟು ಡೈರೆಕ್ಟ್ ಕೊಟ್ಬಿಡ್ಲಾ? ನ್ಯೂಟ್ರಲ್ ನೋಡ್ಕೊಂಡು ಸ್ಟಾರ್ಟ್ ಮಾಡಿದ್ರೆ ಏನೂ ಆಗಲ್ಲ” ಎಂದನು. ಸೋದರಳಿಯನು ನನ್ನ ಮುಖ ನೋಡಿದನು. ಎರಡು ದಿನದಲ್ಲಿ ಹದ ಆರುತ್ತದೆಂಬುದು ನನಗೂ ಗೊತ್ತು. ತಲೆಯಾಡಿಸಿದೆನು. ಒಂದು ಗೇಣು ತಂತಿಯಲ್ಲಿ ಕೆಲಸ ಮುಗಿಯಿತು.

ಐದನೆಯ ದಿನ, ಉಳುಮೆಗೆ ಬರುವ ತರುಣನು ಗೇರಿನಲ್ಲಿಯೇ ನಿಲ್ಲಿಸಿದ್ದ ಟ್ರಾಕ್ಟರಿನ ಚಾವಿಯನ್ನು ನೆಲದ ಮೇಲೆ ನಿಂತೇ ತಿರುಗಿಸಿದನು. ಅದು ಮುಂದಕ್ಕೆ ನೆಗೆದು, ಅವನ ಪಾದದಿಂದ ಒಂದು ಗೇಣಿನಷ್ಟು ದೂರದಲ್ಲಿ ಹಿಂದಿನ ಗಾಲಿಯನ್ನು ಹಾಯಿಸಿಕೊಂಡು ಹೋಗಿ, ತೆಂಗಿನ ಮರಕ್ಕೆ ತಾಗಿ ನಿಂತಿತು. ನೆಲದಲ್ಲಿ ನಿಂತು ಚಾವಿ ತಿರುಗಿಸಿದ್ದು ಅವನ ತಪ್ಪೆಂದು ಎಲ್ಲರೂ ಗದರಿಸಿದರು. ತಪ್ಪೇ ಸರಿ. ಆದರೆ ಮೂರು ವರ್ಷಗಳಿಂದ ಆ ಯಂತ್ರವು ಅವನಿಗೆ ಕಲಿಸಿದ್ದ ಪಾಠವೊಂದಿತ್ತು: ಸೆಲ್ಫ್ ಹೊಡೆಯಿತೆಂದರೆ ಗೇರು ಬಿದ್ದಿಲ್ಲ. ಚಾವಿ ಅದೇ, ಪೀಠ ಅದೇ. ಪಾಠ ಮಾತ್ರ ಸುಳ್ಳಾಗಿತ್ತು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಕ್ರಿಯೆಯಲ್ಲಿ ಸ್ವತಂತ್ರನಾದವನಿಗೆ ಪಾಣಿನಿಯು ಕರ್ತೃವೆಂಬ ಹೆಸರಿಟ್ಟನು. ಆ ಕರ್ತೃವನ್ನು ಪ್ರೇರಿಸುವವನಿಗೆ ಹೇತುವೆಂಬ ಹೆಸರಿನೊಡನೆ ಕರ್ತೃವೆಂಬ ಹೆಸರನ್ನೂ ಕೊಟ್ಟನು. ಆಪಸ್ತಂಬ ಧರ್ಮಸೂತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಡಿಸಿದವನು, ಒಪ್ಪಿದವನು, ಮಾಡಿದವನು ಮೂವರನ್ನೂ ಫಲದಲ್ಲಿ ಪಾಲುದಾರರೆಂದು ಎಣಿಸುತ್ತದೆ. ಯಾರಿಂದ ಕಾರ್ಯ ಹೆಚ್ಚು ನಡೆಯಿತೋ ಅವನಿಗೆ ಹೆಚ್ಚಿನ ಪಾಲು. ಷೆಡ್ಡಿನಲ್ಲಿ ಹೆಚ್ಚಿನದು ಯಾರದು? ತಂತಿ ಜೋಡಿಸಿದ್ದು ಮೆಕ್ಯಾನಿಕ್ಕನ ಕೈ, ಅವಸರ ಸೋದರಳಿಯನದು. ಆದರೆ ಅವರಿಬ್ಬರೂ ಒಂದು ಕ್ಷಣ ತಡೆದು ನಿಂತಿದ್ದರು. ಆ ತಡೆಯನ್ನು ತೆಗೆದುದು ನನ್ನ ತಲೆ.

ಬಲ್ಲವನಿಗೆ ಕಟ್ಟೇಕೆ ಎಂಬ ಮೆಕ್ಯಾನಿಕ್ಕನ ವಾದವನ್ನು ನಾನು ತುಚ್ಛವೆಂದು ಎಣಿಸುವುದಿಲ್ಲ. ನಮ್ಮ ಜ್ಞಾನಿಗಳಲ್ಲಿ ಅನೇಕರು ಅದನ್ನೇ ಹೇಳಿದ್ದಾರೆ. ಏಕಾದಶಿಯ ವ್ರತವನ್ನು ನಾನು ಮುರಿದರೆ ದೋಷ ನನ್ನೊಬ್ಬನದು. ಈ ಕಟ್ಟನ್ನು ಮುರಿದವರಾದರೋ ಷೆಡ್ಡಿನಲ್ಲಿದ್ದ ಮೂವರು; ಫಲ ಬೀಳಲಿದ್ದುದು ಅಲ್ಲಿಲ್ಲದ ನಾಲ್ಕನೆಯವನ ಕಾಲಿನ ಮೇಲೆ. ೧೯೪೬ರಿಂದ ೧೯೫೬ರ ವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಟಿ.ಇ. ೨೦ ಎಂಬ ಸಣ್ಣ ಫರ್ಗೂಸನ್ ಟ್ರಾಕ್ಟರಿನಲ್ಲಿ ಗೇರ್ ಲಿವರೇ ಸ್ಟಾರ್ಟರಿನ ಲಿವರು. ಅದನ್ನು ‘ಎಸ್’ ಎಂಬ ಸ್ಥಾನಕ್ಕೆ ತಂದರೆ ಎಂಜಿನ್ ಹೊರಡುತ್ತಿತ್ತು. ಒಂದೇ ಲಿವರು ಏಕಕಾಲದಲ್ಲಿ ಗೇರಿನಲ್ಲಿಯೂ ಇರಲಾರದು. ಅಲ್ಲಿ ನಿಯಮವು ಕ್ರಿಯೆಯಲ್ಲಿಯೇ ಹೆಣೆದುಕೊಂಡಿತ್ತು. ನಮ್ಮದರಲ್ಲಿ ಅದು ಒಂದು ಬೇರೆ ತಂತಿ. ಹೊರಗಿನವರ ಕಣ್ಣಿಗೆ ಬೀಳದಂತೆ ತಪ್ಪಿಸಬಹುದಾದುದು.

ಕಣ್ಣಿಗೆ ಬೀಳದಿರುವುದೇ ನನ್ನನ್ನು ಹೆಚ್ಚಾಗಿ ಬಾಧಿಸುತ್ತದೆ. ೧೧೧೭ರಲ್ಲಿ ಪ್ರತಿಷ್ಠೆಯಾದ ನಮ್ಮ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಶಿಲ್ಪಗಳಲ್ಲಿ ತಮ್ಮ ಹೆಸರನ್ನು ಬರೆದಿದ್ದಾರೆ. ಕೆಲಸ ಕೆಟ್ಟಿದ್ದರೆ ನಿಂದೆಯೂ ಆ ಹೆಸರಿಗೇ ಬರುತ್ತಿತ್ತು. ಆ ಗೇಣುದ್ದದ ತಂತಿಯ ಮೇಲೆ ನಮ್ಮ ಮೂವರ ಹೆಸರು ಎಲ್ಲಿಯೂ ಇರಲಿಲ್ಲ.

ಹಾಸನದಿಂದ ಸ್ವಿಚ್ಚು ಬಂದಿತು. ಹಣವನ್ನು ನಾನೇ ಕೊಟ್ಟೆನು. ಜೋಡಿಸುವಾಗ ತರುಣನನ್ನೂ ಕರೆದುಕೊಂಡು ಹೋಗಿ, ತೆಗೆದ ತಂತಿಯನ್ನು ಅವನ ಕೈಗೆ ಕೊಟ್ಟು, ನಡೆದುದನ್ನು ಹೇಳಿದೆನು. ಅವನು ಅದನ್ನು ಎರಡು ಸಲ ತಿರುಗಿಸಿ ನೋಡಿ, “ಇದು ನಿಮಗೂ ಗೊತ್ತಿತ್ತಾ ಮೇಷ್ಟ್ರೇ?” ಎಂದು ಕೇಳಿದನು. ಗೊತ್ತಿತ್ತೆಂದೆನು.