ತಿಳಿದವನ ಮೌನ

ಔರಾದಿನ ಕಡೆಯ ಮುದುಕಿಯೊಬ್ಬಳು ಬೀದರಿನ ಸರಾಫನ ಅಂಗಡಿಗೆ ಬಂದಳೆಂದು ಇಟ್ಟುಕೊಳ್ಳಿ. ಸೆರಗಿನ ಗಂಟು ಬಿಚ್ಚಿ ಗಂಡನ ಕಾಲದ ಬಂಗಾರದ ಕೈಗಡಿಯಾರವನ್ನು ಮುಂದಿಡುತ್ತಾಳೆ. "ಇದಕ್ಕ ಎಷ್ಟು ಬರ್ತದ್ರಿ, ಅಣ್ಣಾ?" ಎಂದು ಕೇಳುತ್ತಾಳೆ. ಈ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ನಿಜ.

ಮೊದಲನೆಯದು ತಕ್ಕಡಿಯ ಉತ್ತರ. ಹಿಂದಿನ ಮುಚ್ಚಳ ತೆಗೆದರೆ ಒಳಮೈಯಲ್ಲಿ ಮುದ್ರೆ ಕಾಣುತ್ತದೆ. 0.750 ಎಂದಿದ್ದರೆ 18 ಕ್ಯಾರೆಟ್. ಸಾವಿರ ಪಾಲಿನಲ್ಲಿ 750 ಪಾಲು ಚೊಕ್ಕ ಚಿನ್ನ. 1995ಕ್ಕೆ ಹಿಂದಿನ ಸ್ವಿಸ್ ಗಡಿಯಾರವಾದರೆ ಜೊತೆಗೆ ಹೆಣ್ಣಿನ ತಲೆಯ ಪುಟ್ಟ ಚಿತ್ರವಿರುವುದುಂಟು. 14 ಕ್ಯಾರೆಟ್ಟಿಗೆ ಅಳಿಲು. ಮೈಕ್ರಾನ್ ಲೆಕ್ಕ ಬರೆದಿದ್ದರೆ ಅದು ಬರಿಯ ಮುಲಾಮು. ಯಂತ್ರವನ್ನೂ ಗಾಜನ್ನೂ ಕಳಚಿ ತೂಗಿದಾಗ 18 ಕ್ಯಾರೆಟ್ಟಿನ ಕವಚ 8 ಗ್ರಾಂ ಬಂದರೆ ಚಿನ್ನ 6 ಗ್ರಾಂ. ಅಂದಿನ ಧಾರಣೆಯಿಂದ ಗುಣಿಸಿ, ಕರಗಿಸುವ ಖರ್ಚು ಕಳೆದರೆ ಲೆಕ್ಕ ಮುಗಿಯಿತು.

ಎರಡನೆಯದು ಗಡಿಯಾರ ಬಲ್ಲವನ ಉತ್ತರ. ಯಂತ್ರದ ಮೇಲಿನ ಹೆಸರೇನು, ಸಂಖ್ಯೆ ಯಾವ ಕಾಲದ್ದು, ಮುಖಫಲಕ ಮೂಲದ್ದೋ, ಭಾಲ್ಕಿ ಪೇಟೆಯ ರಿಪೇರಿಯವನು ಎಂದೋ ಹೊಸ ಬಣ್ಣ ಬಳಿದದ್ದೋ? ಇವೆಲ್ಲ ಸರಿಯಿದ್ದರೆ ತೂಕದ ಬೆಲೆಯ ಹಲವು ಪಟ್ಟು ಕೊಡುವವರಿದ್ದಾರೆ. ಬೀದರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದರಿ ಹೂಜಿಯ ಮೈ ಬಹುಪಾಲು ಸತುವು, ಸ್ವಲ್ಪ ತಾಮ್ರ. ಅದಕ್ಕೆ ಕಪ್ಪು ಕೊಡುವುದು ನಮ್ಮ ಕೋಟೆಯ ಮಣ್ಣು. ಸತುವಿನ ತೂಕಕ್ಕೆ ಹೂಜಿ ಕೊಡು ಎಂದರೆ ಕುಸುಬಿನವನು ನಕ್ಕು ಕಳಿಸಿಯಾನು!

ಒಂದು ವಸ್ತುವಿಗೆ ಎರಡು ಬೆಲೆಯಿರುವುದು ತಪ್ಪಲ್ಲ. ಈ ಸೀಮೆ ಹೈದರಾಬಾದು ಸಂಸ್ಥಾನದಲ್ಲಿದ್ದಾಗ ರೂಪಾಯಿಗೇ ಎರಡು ಬೆಲೆಯಿತ್ತು. ಹಾಲಿ ಸಿಕ್ಕಾ ಏಳು ಕೊಟ್ಟರೆ ಕಲ್ದಾರ್ ಹೆಚ್ಚುಕಡಿಮೆ ಆರು. ಆದರೆ ಆ ವಟ್ಟ ಕೊಡುವವನಿಗೂ ಗೊತ್ತಿತ್ತು, ಕೊಳ್ಳುವವನಿಗೂ ಗೊತ್ತಿತ್ತು. ಇಲ್ಲಿ ಬಲ್ಲವನು ಒಬ್ಬನೇ. ಅವನು ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಆ ಮೌನ ಮೋಸವೆ?

ರೋಮಿನ ಸಿಸೆರೋ ಇಂಥದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದ. ಬರಗಾಲದ ರೋಡ್ಸ್ ದ್ವೀಪಕ್ಕೆ ಒಬ್ಬ ವರ್ತಕ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು. ಹೇಳಬೇಕೆ? ಹೇಳಬೇಕು ಎಂದ ಆಂಟಿಪೇಟರ್. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದ ಡಯೋಜಿನಿಸ್. ಹಾಗೆಲ್ಲ ನೋಡಿದರೆ ಮಾರುವುದೇ ಬೇಡ, ಪುಕ್ಕಟೆ ಕೊಟ್ಟುಬಿಡಿ ಎಂದೂ ವಾದಿಸಿದ. ಸಿಸೆರೋ ಆಂಟಿಪೇಟರನ ಕಡೆ ನಿಂತ.

ಡಯೋಜಿನಿಸನ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಸಂತೆಯಲ್ಲಿ ಇಬ್ಬರು ವ್ಯಾಪಾರಿಗಳು ಎದುರಾದಾಗ ಮೌನವೂ ಆಟದ ಭಾಗ. ಇಬ್ಬರೂ ಆಡಲೆಂದೇ ಬಂದವರು. ವರ್ಷಗಟ್ಟಲೆ ಕಣ್ಣಿಗೆ ಭೂತಗನ್ನಡಿ ಒತ್ತಿ ಕಲಿತ ವಿದ್ಯೆಗೆ ಫಲ ಬೇಡವೆ ಎಂಬ ಮಾತೂ ನ್ಯಾಯವೇ. ಆದರೆ ಔರಾದಿನ ಮುದುಕಿ ಆಟಕ್ಕೆ ಬಂದವಳಲ್ಲ. ವೈದ್ಯನಿಗೆ ಕೈಯೊಡ್ಡುವಂತೆ ಕೇಳಿದಳು. ಕೇಳಿದ ಆ ಕ್ಷಣಕ್ಕೆ ಸರಾಫ ಒರೆಗಲ್ಲಾದ. ಒರೆಗಲ್ಲೇ ಗಿರಾಕಿಯೂ ಆಗಿ ನಿಂತದ್ದು ಇಲ್ಲಿಯ ತೊಡಕು. ವಿದ್ಯೆಯ ಕೂಲಿ ಬೇಕಾದರೆ ಬಾಯಿಬಿಟ್ಟು ಕೇಳಬಹುದು: "ಇದು ಬರೀ ಬಂಗಾರಲ್ಲವ್ವಾ, ಮಾರಿಸಿ ಕೊಟ್ಟರೆ ನನಗಿಷ್ಟು."

ಇದೇ ಜಿಲ್ಲೆಯ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದನಂತೆ. ಲಕ್ಕಮ್ಮ ಅದನ್ನು ತಿರುಗಿ ಸುರಿದು ಬಾ ಎಂದಳು. ಅಲ್ಲಿ ಚೆಲ್ಲಿದವರು ಅರಿತೇ ಚೆಲ್ಲಿದ್ದರು; ಆದರೂ ಅವಳು ಒಪ್ಪಲಿಲ್ಲ. ಈ ಮುದುಕಿಗೆ ತಾನು ಏನನ್ನು ಚೆಲ್ಲುತ್ತಿದ್ದೇನೆಂಬುದೇ ತಿಳಿಯದು.

ಹೇಳಿದರೆ ಸರಾಫನಿಗೆ ನಷ್ಟವಾದೀತು. ಆಕೆ ಗಡಿಯಾರವನ್ನು ಹೈದರಾಬಾದಿಗೆ ಒಯ್ದು ಅಲ್ಲಿ ಇನ್ನೂ ಕಡಿಮೆಗೆ ಕೊಟ್ಟಾಳು. ಮಾರದೆ ಮೊಮ್ಮಗನಿಗೆ ಇಟ್ಟಾಳು. ಅದೆಲ್ಲ ಅವಳಿಗೆ ಬಿಟ್ಟದ್ದು. ಒಳ್ಳೆಯ ಗಿರಾಕಿಯನ್ನು ಹುಡುಕಿ ಕೊಡುವ ಹೊರೆಯನ್ನೂ ಸರಾಫನ ಮೇಲೆ ನಾನು ಹೊರಿಸುವುದಿಲ್ಲ. ಕವಚವನ್ನು ಮೂಸೆಗೆ ಹಾಕುವ ಮೊದಲು ಮುಚ್ಚಳ ತೆಗೆದು ಒಳಗಿನ ಹೆಸರನ್ನು ಅವಳಿಗೆ ಓದಿ ಹೇಳಲಿ. ಕರಗಿದ ಮೇಲೆ ಹೇಳಲು ಏನೂ ಉಳಿಯುವುದಿಲ್ಲ.