ಇಳಿಯುವುದಕ್ಕೂ ಒಂದು ಮೆಟ್ಟಿಲು ಬೇಕು

ತಾವು ಪ್ರೀತಿಸಿದ ತಂಡ ಸೋತು ಸೋತು ಕೆಳದರ್ಜೆಗೆ ಬಿದ್ದ ವರ್ಷವನ್ನು ಫುಟ್‌ಬಾಲ್ ಅಭಿಮಾನಿಗಳು ಯಾಕೆ ಅಷ್ಟು ಅಕ್ಕರೆಯಿಂದ ನೆನೆಯುತ್ತಾರೆ? ಗೆದ್ದ ವರ್ಷವಾದರೆ ಸರಿ. ಆದರೆ ಈ ಹುಚ್ಚಿನವರ ನಡುವೆ ಅರ್ಧ ಗಂಟೆ ಕೂತು ನೋಡಿ, ಮಾತು ಸುತ್ತಿ ಬಳಸಿ ಆ ಕೆಟ್ಟ ವರ್ಷಕ್ಕೇ ಬಂದು ನಿಲ್ಲುತ್ತದೆ. ‘ಆಗಲೂ ನಾನು ಗ್ಯಾಲರಿಯಲ್ಲಿದ್ದೆ’ ಎನ್ನುವಾಗ ದನಿಯಲ್ಲಿ ಒಂದು ಹೆಮ್ಮೆ ಇರುತ್ತದೆ. ಆ ಹೆಮ್ಮೆಯ ಬಗ್ಗೆ ನನಗೆ ಗೌರವವೂ ಇದೆ, ಸ್ವಲ್ಪ ಅನುಮಾನವೂ ಇದೆ.

ನಮ್ಮ ಮುಂಬಯಿಯ ಉದಾಹರಣೆಯನ್ನೇ ನೋಡೋಣ. ನಾನು ಹೇಳುತ್ತಿರುವುದು ಈಗಿನ ಮುಂಬೈ ಸಿಟಿ ತಂಡದ ಮಾತಲ್ಲ, ಅದಕ್ಕೂ ಹಿಂದಿನ ಮುಂಬೈ ಎಫ್‌ಸಿಯದು. 2007ರಲ್ಲಿ ಎಸ್ಸೆಲ್ ಸಮೂಹ ಕಟ್ಟಿದ ಈ ತಂಡ ಮರುವರ್ಷವೇ ಎರಡನೇ ಡಿವಿಷನ್ ಗೆದ್ದು ಐ-ಲೀಗ್‌ಗೆ ಏರಿತು. ಒಂಬತ್ತು ಸೀಸನ್ ಅಲ್ಲಿ ಆಡಿತು. ಪ್ರಶಸ್ತಿ ಅದರ ಕೈಗೆಟುಕುವ ಮಾತಾಗಿರಲಿಲ್ಲ. ವರ್ಷ ವರ್ಷವೂ ಬೀಳದೆ ಉಳಿಯುವುದೇ ಅದರ ಸಾಧನೆ. ಮಂತ್ರಾಲಯದಿಂದ ನಡೆದು ಹೋಗಬಹುದಾದಷ್ಟು ಹತ್ತಿರದ ಕೂಪರೇಜ್ ಮೈದಾನ, ಸುಮಾರು 5,000 ಜನ ಹಿಡಿಸುವ ಗ್ಯಾಲರಿ, ಹಳದಿ ಅಂಗಿ ತೊಟ್ಟ ‘ಯೆಲ್ಲೋ ಬ್ರಿಗೇಡ್’. ಕೂಪರೇಜ್ ಸಿಗದಿದ್ದ ಕಾಲದಲ್ಲಿ ಪುಣೆಯ ಬಾಲೇವಾಡಿಯನ್ನೇ ತವರು ಮೈದಾನ ಎನ್ನಬೇಕಾಗಿ ಬಂದಿತ್ತು. ತವರಿನ ಪಂದ್ಯ ನೋಡಲು ಘಾಟಿ ಹತ್ತಬೇಕು! ಊರು ಬಿಟ್ಟು ಬಂದ ನಮಗೆ ಇದರ ತಮಾಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

2016–17ರ ಐ-ಲೀಗ್‌ನಲ್ಲಿ ಹತ್ತು ತಂಡಗಳಿದ್ದವು. ಮುಂಬೈ ಎಫ್‌ಸಿ ಹತ್ತನೆಯದಾಗಿ ಬಿತ್ತು. ಅದೇ ಸೀಸನ್‌ನಲ್ಲಿ, 2017ರ ಏಪ್ರಿಲ್ 30ರಂದು, ಮಿಜೋರಾಮಿನ ಐಜಾಲ್ ಎಫ್‌ಸಿ ಶಿಲ್ಲಾಂಗಿನಲ್ಲಿ ಲಜಾಂಗ್ ವಿರುದ್ಧ 1–1 ಡ್ರಾ ಮಾಡಿಕೊಂಡು, ಮೋಹನ್ ಬಗಾನ್‌ಗಿಂತ ಒಂದೇ ಅಂಕ ಮುಂದೆ ನಿಂತು ಚಾಂಪಿಯನ್ ಆಯಿತು. ಅದರ ತರಬೇತುದಾರ ಖಾಲಿದ್ ಜಮೀಲ್. 2009ರಿಂದ 2016ರವರೆಗೆ ಮುಂಬೈ ಎಫ್‌ಸಿಯನ್ನು ಬೀಳದಂತೆ ಹಿಡಿದಿಟ್ಟವರು ಇವರೇ. 2025ರಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರೂ ಆದರು. ಇಷ್ಟು ಕೇಳಿದರೆ ಕಥೆ ತಾನಾಗಿಯೇ ನೀತಿಕಥೆಯಾಗಿಬಿಡುತ್ತದೆ: ಒಳ್ಳೆಯವನನ್ನು ಉಳಿಸಿಕೊಳ್ಳದ ಮನೆಗೆ ಶಾಸ್ತಿಯಾಯಿತು, ಮಾಡಿದ್ದುಣ್ಣೋ ಮಹಾರಾಯ. (ಜಮೀಲ್ ಗೆದ್ದಾಗ ಮುಂಬಯಿಯ ಅಭಿಮಾನಿ ಖುಷಿಪಡಬಹುದೇ ಎಂಬ ಚರ್ಚೆಯನ್ನೂ ಕೇಳಿದ್ದೇನೆ. ಧಾರಾಳವಾಗಿ ಪಡಬಹುದು. ಬೇರೆ ಊರಿಗೆ ಹೋಗಿ ಉದ್ಧಾರವಾದವರನ್ನು ದ್ರೋಹಿ ಎನ್ನುವ ಹಕ್ಕು ನಮಗಂತೂ ಇಲ್ಲ.)

ಆದರೆ ಒಂದು ವರ್ಷ ಹಿಂದಕ್ಕೆ ಹೋದರೆ ಆ ನೀತಿ ಅಲುಗಾಡುತ್ತದೆ. 2015–16ರಲ್ಲಿ ಒಂಬತ್ತು ತಂಡಗಳ ಪೈಕಿ ಕೊನೆಗೆ ನಿಂತದ್ದು ಪುಣೆಯ ಡಿಎಸ್‌ಕೆ ಶಿವಾಜಿಯನ್ಸ್. ನೇರ ಪ್ರವೇಶ ಪಡೆದ ಕಾರ್ಪೊರೇಟ್ ತಂಡವಾದ್ದರಿಂದ ಅದಕ್ಕೆ ಹಿಂಬಡ್ತಿಯಿಂದ ವಿನಾಯಿತಿ ಇತ್ತು. ಹಾಗಾಗಿ ಎಂಟನೆಯದಾಗಿದ್ದ ಐಜಾಲ್ ಬಿತ್ತು. ಆಮೇಲೆ ಫೆಡರೇಷನ್ನಿನ ಯೋಜನೆಗಳನ್ನು ಪ್ರತಿಭಟಿಸಿ ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟು ಹೋದವು, ಖಾಲಿಯಾದ ಜಾಗಕ್ಕೆ ಐಜಾಲನ್ನು ಮತ್ತೆ ಕರೆದರು. ಕೊನೆಯವನು ಉಳಿದ, ಕೊನೆಯವನಲ್ಲದವನು ಬಿದ್ದ, ಬಿದ್ದವನು ಬೇರೆ ಯಾರದೋ ಸಿಟ್ಟಿನಿಂದ ಎದ್ದು ಮರುವರ್ಷ ರಾಜನಾದ. ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ, ಒಪ್ಪೋಣ. ಅದರ ತೀರ್ಪು ಯಾರಿಗೆ ಅನ್ವಯ, ಯಾರಿಗೆ ಇಲ್ಲ ಎಂಬುದು ಮಾತ್ರ ಮೈದಾನದ ಹೊರಗೆ ನಿರ್ಧಾರವಾಗುತ್ತದೆ.

ಹಾಗಿದ್ದರೂ ಬಿದ್ದದ್ದೇ ಮುಂಬೈ ಎಫ್‌ಸಿಗೆ ಆದ ಅನ್ಯಾಯ ಎಂದು ನಾನು ಹೇಳಲಾರೆ. ಈ ನಗರದ ಬೇರೆ ತಂಡಗಳ ಗತಿ ನೋಡಿದರೆ, ಆಡಿ ಸೋತು ಬೀಳುವುದು ಒಂದು ಮರ್ಯಾದೆಯೇ ಅನ್ನಿಸುತ್ತದೆ. 2005–06ರ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಇಲ್ಲವಾಯಿತು. ಅದಕ್ಕೆ ಯಾರೂ ಗೋಲು ಹೊಡೆಯಬೇಕಾಗಲಿಲ್ಲ, ಕಂಪನಿಯ ನಿರ್ಧಾರ ಸಾಕಾಯಿತು. ಏರ್ ಇಂಡಿಯಾ ಮತ್ತು ಒಎನ್‌ಜಿಸಿ 2013ರಲ್ಲಿ ಲೈಸೆನ್ಸಿನ ನಿಯಮ ಪೂರೈಸಲಿಲ್ಲವೆಂದು ಹೊರಬಿದ್ದವು. ಇನ್ನು ಐಎಸ್‌ಎಲ್ ಶುರುವಾದದ್ದೇ ಯಾರೂ ಬೀಳಬೇಕಾಗಿಲ್ಲ ಎಂಬ ಏರ್ಪಾಟಿನಲ್ಲಿ. ಕೆಳಗೆ ಬೀಳುವ ತಂಡವನ್ನು ಕಡೇಪಕ್ಷ ಅದರ ಆಟ ನೋಡಿ ಅಳೆದಿರುತ್ತಾರೆ. ಆಫೀಸಿನಲ್ಲಿ ಹಿಂಬಡ್ತಿಯ ಆದೇಶಕ್ಕೂ, ಇಡೀ ವಿಭಾಗವನ್ನೇ ತೆಗೆದುಹಾಕಿದ್ದೇವೆ ಎಂಬ ಮಿಂಚಂಚೆಗೂ ಇರುವ ವ್ಯತ್ಯಾಸ ನಮ್ಮಲ್ಲಿ ಅನೇಕರಿಗೆ ಗೊತ್ತು.

ಇಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರನ್ನು ಕೇಳಿ. ಹಗಲು ಹೋಟೆಲು, ಕ್ಯಾಂಟೀನು, ರಾತ್ರಿ ಎಸ್ಸೆಸ್ಸಿ. ಮಾರ್ಚಿನಲ್ಲಿ ಫೇಲಾದರೆ ‘ಅಕ್ಟೋಬರ್‌ಗೆ ಕೂರುವುದು’. ಬೋರ್ಡು ನಿನ್ನನ್ನು ಬೀಳಿಸಿತು ಎಂಬ ಸುದ್ದಿಯ ಬೆನ್ನಿಗೇ ಮತ್ತೆ ಬಾ ಎಂಬ ತಾರೀಖೂ ಇರುತ್ತಿತ್ತು. ಲೀಗ್‌ನ ಹಿಂಬಡ್ತಿಯ ಅರ್ಥವೂ ಇದೇ. ಇಂಗ್ಲೆಂಡಿನ ಲೆಸ್ಟರ್ ಸಿಟಿ 2016ರಲ್ಲಿ ಚಾಂಪಿಯನ್, 2023ರಲ್ಲಿ ಕೆಳದರ್ಜೆಗೆ, 2024ರಲ್ಲಿ ಮೇಲಕ್ಕೆ, 2025ರಲ್ಲಿ ಮತ್ತೆ ಕೆಳಕ್ಕೆ. ಪ್ರತಿ ಸಲ ಬಿದ್ದಾಗಲೂ ನಿಲ್ಲಲು ಕೆಳಗೊಂದು ಮೆಟ್ಟಿಲಿತ್ತು, 46 ಪಂದ್ಯಗಳು ಕಾದಿದ್ದವು. ಮುಂಬೈ ಎಫ್‌ಸಿ ಅಕ್ಟೋಬರ್‌ಗೆ ಕೂರಲಿಲ್ಲ. ಎರಡನೇ ಡಿವಿಷನ್ನಿನ ಕಣಕ್ಕೆ ತಂಡ ಇಳಿಯಲೇ ಇಲ್ಲ.

ನನ್ನ ಅನುಮಾನ ಹುಟ್ಟುವುದು ಇಲ್ಲಿ. ‘ಬಿದ್ದ ವರ್ಷವೂ ಜೊತೆಗಿದ್ದೆವು’ ಎನ್ನುವುದು ಅರ್ಧ ಕಥೆ. ನಿಷ್ಠೆಗೆ ನಿಜವಾದ ಪರೀಕ್ಷೆ ಮುಂದಿನ ವರ್ಷ, ಹೆಸರು ಕೇಳದ ತಂಡದೆದುರು, ಸುಡುಬಿಸಿಲಿನ ಖಾಲಿ ಗ್ಯಾಲರಿಯಲ್ಲಿ ಆಗಬೇಕಿತ್ತು. ಆ ಪರೀಕ್ಷೆಯೇ ನಡೆಯಲಿಲ್ಲ. ಅದನ್ನು ಮರೆತು ಬರೀ ಬಿದ್ದದ್ದನ್ನೇ ಮಧುರವಾಗಿ ನೆನೆದರೆ, ತಂಡ ಇಲ್ಲವಾದದ್ದೂ ಹತ್ತನೇ ಸ್ಥಾನದ ಹಾಗೆ ವಿಧಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ನಮ್ಮ ಭಾಷೆಯೂ ಇದಕ್ಕೆ ಒತ್ತಾಸೆ ಕೊಡುತ್ತದೆ. 1982ರ ಮುಷ್ಕರದ ನಂತರ ‘ಗಿರಣಿ ಮುಚ್ಚಿತು’ ಎನ್ನುತ್ತೇವೆ, ಸಂಜೆಯಾದಾಗ ಹೂವು ಮುಚ್ಚಿಕೊಂಡ ಹಾಗೆ. ಮುಚ್ಚಿದವರು ವಾಕ್ಯದಲ್ಲಿ ಇರುವುದೇ ಇಲ್ಲ.

ನಷ್ಟದ ತಂಡಕ್ಕೆ ದುಡ್ಡು ಸುರಿಯುವುದು ಮಾಲೀಕರ ಧರ್ಮವೇ ಎಂದು ನೀವು ಕೇಳಬಹುದು. ಅಲ್ಲ. ಆ ಹೊತ್ತಿಗೆ ಐ-ಲೀಗೇ ತನ್ನ ಸ್ಥಾನ ಕಳೆದುಕೊಳ್ಳುತ್ತಿತ್ತು, ಲೆಕ್ಕ ಹಾಕುವವರಿಗೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಒಂದು ಊರಿನ ಹೆಸರನ್ನು ಎದೆಯ ಮೇಲೆ ಹಾಕಿಕೊಂಡ ಮೇಲೆ ಆ ಹೆಸರು ಪೂರ್ತಿ ನಿಮ್ಮದಾಗಿ ಉಳಿಯುವುದಿಲ್ಲ. ನಡೆಸಲಾಗದಿದ್ದರೆ ನಡೆಸುವವರಿಗೆ ದಾಟಿಸಬೇಕು, ಕೆಳದರ್ಜೆಯಲ್ಲಾದರೂ ಸರಿ, ಹುಡುಗರನ್ನು ಕಟ್ಟಿಕೊಂಡಾದರೂ ಸರಿ. ಅಭಿಮಾನಿ ಕೇಳಬಹುದಾದದ್ದು ಗೆಲುವನ್ನಲ್ಲ, ಸೋಲುವುದಕ್ಕೆ ಇನ್ನೊಂದು ವರ್ಷವನ್ನು.

ಕೂಪರೇಜಿನಲ್ಲಿ ಈಗಲೂ ಮುಂಬಯಿಯ ಸ್ಥಳೀಯ ಲೀಗ್‌ನ ಪಂದ್ಯಗಳು ನಡೆಯುತ್ತವೆ. ಚರ್ಚ್‌ಗೇಟಿನಲ್ಲಿ ಇಳಿದು ಹತ್ತು ಹದಿನೈದು ನಿಮಿಷ ನಡೆದರೆ ಸಿಗುತ್ತದೆ. ಅಲ್ಲಿ ಆಡುವ ತಂಡಗಳು ವರ್ಷ ವರ್ಷ ಒಂದು ಡಿವಿಷನ್ನಿನಿಂದ ಇನ್ನೊಂದಕ್ಕೆ ಇಳಿಯುತ್ತವೆ, ಏರುತ್ತವೆ.