ಸಂತೆ ಬಿಡುವ ಹೊತ್ತು

ಸಂತೆ ಕೂಡಿಸುವುದು ಸುಲಭದ ಮಾತಲ್ಲ. ಮಾರುವವರು ಬಂದರೆ ಕೊಳ್ಳುವವರು ಬರುತ್ತಾರೆ. ಕೊಳ್ಳುವವರು ಇದ್ದಾರೆಂದು ಗೊತ್ತಾದರೆ ಮಾತ್ರ ಮಾರುವವರು ಬುಟ್ಟಿ ಹೊತ್ತು ಬರುತ್ತಾರೆ. ಮೊದಲು ಯಾರು ಬರಬೇಕು? ಎರಡು ವಾರ ಬದನೆಕಾಯಿ ಬುಟ್ಟಿಯಲ್ಲೇ ಬಾಡಿ ಮನೆಗೆ ಹಿಂತಿರುಗಿದರೆ ಮೂರನೆಯ ವಾರ ಅಲ್ಲಿ ಸಂತೆಯೇ ಇರುವುದಿಲ್ಲ. ಅದಕ್ಕೇ ಹಿಂದಿನವರು ಹೊಸ ಸಂತೆಗೆ ಮೊದಮೊದಲು ಸುಂಕ ಬಿಡುತ್ತಿದ್ದರು. ನಮ್ಮ ಬಸವಕಲ್ಯಾಣವಾದರೂ ಚಾಲುಕ್ಯ ಸೋಮೇಶ್ವರನು ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ದೊಡ್ಡ ಪೇಟೆಯಾಗಿ ಬೆಳೆದ ಊರು. ಆ ಕಾಲದ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘಕ್ಕೆ ತನ್ನದೇ ಕಟ್ಟಳೆಗಳಿದ್ದವು. ನಂಬಿಕೆ ಹೋದರೆ ಪೇಟೆ ಹೋಯಿತೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಈಗಿನ ಫೋನಿನ ಸಂತೆಗಳಿಗೂ ಇದೇ ಕಷ್ಟ. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಹುಡುಗರು ಫ್ಲಿಪ್‌ಕಾರ್ಟ್ ಎಂಬ ಪುಸ್ತಕದಂಗಡಿ ತೆರೆದರು. ಅಂಗಡಿ ಎಂದರೆ ಕೋರಮಂಗಲದ ಒಂದು ಮನೆ, ಎರಡು ಕಂಪ್ಯೂಟರು. ಅವರ ಮೊದಲ ಗಿರಾಕಿ ಬೆಂಗಳೂರಿನವನಲ್ಲ, ಮುಂಬಯಿಯವನೂ ಅಲ್ಲ. ನಮ್ಮ ಹಾಗೆಯೇ ಒಂದು ಕಾಲಕ್ಕೆ ನಿಜಾಮರ ಸೀಮೆಗೆ ಸೇರಿದ್ದ ಮಹಬೂಬನಗರದವನು. ಅವನು ಕೇಳಿದ ಪುಸ್ತಕ ಇವರ ಬಳಿ ಇರಲಿಲ್ಲ. ಬೆಂಗಳೂರಿನ ಅಂಗಡಿಗಳನ್ನೆಲ್ಲ ಹುಡುಕಿ ತಂದು ಕಳಿಸಿದರು. ದೊಡ್ಡ ಪಟ್ಟಣದವರಿಗೆ ಅಂಗಡಿಗಳಿವೆ. ಬೇಕಾದ ಪುಸ್ತಕಕ್ಕಾಗಿ ಬಸ್ಸು ಹತ್ತಬೇಕಾದವರು ನಾವು. ಹುಮನಾಬಾದಿನಲ್ಲಿದ್ದು ಒಂದು ಒಳ್ಳೆಯ ನಿಘಂಟು ತರಿಸಲು ಹೈದರಾಬಾದಿಗೆ ಹೋಗುವವರ ದಾರಿ ಕಾಯ್ದವರಿಗೆ ಆ ಮೊದಲ ಗಿರಾಕಿಯ ಸಂತೋಷ ಅರ್ಥವಾಗುತ್ತದೆ.

ಆದರೂ ನಮ್ಮ ಜನ ಕಾಣದವನ ಕೈಗೆ ಮೊದಲೇ ದುಡ್ಡು ಕೊಡುವವರಲ್ಲ. 2010ರಲ್ಲಿ ಫ್ಲಿಪ್‌ಕಾರ್ಟಿನವರು ಸಾಮಾನು ಮನೆಗೆ ಬಂದ ಮೇಲೆ ಹಣ ಕೊಡಿ ಎಂದರು. ನನಗನಿಸುವಂತೆ ಅಂದೇ ಈ ಸಂತೆ ನಮ್ಮ ಕಡೆಯ ಊರುಗಳಿಗೆ ಬಂದದ್ದು. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಇಬೇ ಎಂಬ ಸಂತೆ ಅಪರಿಚಿತರ ನಡುವೆ ನಂಬಿಕೆ ಹುಟ್ಟಿಸಲು ಬೇರೊಂದು ಉಪಾಯ ಮಾಡಿತ್ತು: ಕೊಂಡವರು ಮಾರಿದವರ ಬಗ್ಗೆ, ಮಾರಿದವರು ಕೊಂಡವರ ಬಗ್ಗೆ ಎಲ್ಲರಿಗೂ ಕಾಣುವಂತೆ ಎರಡು ಮಾತು ಬರೆದಿಡುವುದು. ನಮ್ಮೂರ ಹೆಂಗಸರು ಬಾವಿಕಟ್ಟೆಯ ಮೇಲೆ ಯಾವ ಬಳೆಗಾರ ಮೋಸ ಮಾಡುತ್ತಾನೆಂದು ಹೇಳಿಕೊಳ್ಳುತ್ತಿದ್ದದ್ದೂ ಅದೇ ಅಲ್ಲವೇ? ಇಷ್ಟರವರೆಗೆ ನನ್ನ ತಕರಾರಿಲ್ಲ.

ಹೆಣ್ಣುಮಕ್ಕಳಿಗೆ ಆದ ಅನುಕೂಲವನ್ನೂ ಹೇಳಬೇಕು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೋ ಎಂಬ ಸಂಸ್ಥೆ, ಮನೆಯಲ್ಲೇ ಕೂತು ವಾಟ್ಸಾಪಿನಲ್ಲಿ ಸೀರೆಯ ಚಿತ್ರ ಕಳಿಸಿ ಮಾರುವ ಹೆಂಗಸರನ್ನು ನಂಬಿಕೊಂಡೇ ಬೆಳೆಯಿತು. ಅಂಗಡಿಗೆ ಬಾಡಿಗೆ ಬೇಡ, ಬಂಡವಾಳ ಬೇಡ, ಗಂಡನ ಅಪ್ಪಣೆ ಪಡೆದು ಪೇಟೆಗೆ ಹೋಗಬೇಕಾಗಿಲ್ಲ. ಹುಮನಾಬಾದಿನ ನಮ್ಮ ಓಣಿಯಲ್ಲೇ ಒಬ್ಬಾಕೆ ಗಂಡ ತೀರಿದ ಮೇಲೆ ಹೀಗೆಯೇ ಸೀರೆ ಮಾರಿ ಎರಡು ಮಕ್ಕಳ ಶಾಲೆಯ ಖರ್ಚು ನಿಭಾಯಿಸಿದಳು. ಸೀರೆಗೆ ಐವತ್ತು, ನೂರು ರೂಪಾಯಿ ಲಾಭ. ಅದನ್ನು ಅವಳು ಬರೆದಿಟ್ಟ ನೋಟುಪುಸ್ತಕ ನೋಡಿದ್ದೇನೆ. ನನ್ನ ಹಾಜರಿ ಪುಸ್ತಕಕ್ಕಿಂತ ಅಚ್ಚುಕಟ್ಟಾಗಿತ್ತು.

ಪಕ್ಕದ ಕಲಬುರಗಿಯಲ್ಲಿ ಹೆಣ್ಣುಮಕ್ಕಳು ಕೂಡಿ ಸಹಕಾರ ಸಂಘ ಮಾಡಿಕೊಂಡು ಜೋಳದ ರೊಟ್ಟಿಯನ್ನೇ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಆನ್‌ಲೈನಿನಲ್ಲೂ ಮಾರುತ್ತಿರುವುದು ನಿಮಗೆ ಗೊತ್ತಿರಬಹುದು. 2025ರ ಜೂನಿನಲ್ಲಿ ಪ್ರಧಾನ ಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಅದನ್ನು ಹೆಸರಿಸಿದ ಮೇಲಂತೂ ನಮ್ಮ ಬೀದರ ಜಿಲ್ಲೆಯಲ್ಲಿ ರೊಟ್ಟಿ ಬಡಿಯುವವರೆಲ್ಲ ತಲೆಯೆತ್ತಿ ನೋಡಿದರು. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಗುರ, ಪೆಟ್ಟಿಗೆಯಲ್ಲಿ ಕೂರುತ್ತದೆ. ಅಂಚೆಯಲ್ಲಿ ಹೋಗಲೆಂದೇ ಹುಟ್ಟಿದ ಪದಾರ್ಥ!

ಇದನ್ನು ಕಂಡೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಬೆಂಗಳೂರಿನ ನೌಕರಿ ಬಿಟ್ಟು ಬಂದವನು, ಕಳೆದ ವರ್ಷ ನನ್ನ ಬಳಿ ಬಂದ. ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಸ್ವಸಹಾಯ ಸಂಘಗಳ ರೊಟ್ಟಿ, ಶೇಂಗಾ ಹಿಂಡಿ, ತೊಗರಿಬೇಳೆ ಮಾರುವ ಆಪ್ ಕಟ್ಟುತ್ತಾನಂತೆ. ಸಂಘದ ಹೆಣ್ಣುಮಕ್ಕಳಿಗೆ ನಾನು ನಾಲ್ಕು ಮಾತು ಹೇಳಿದರೆ ಅವರು ನಂಬುತ್ತಾರೆ ಎಂದು ಅವನ ಲೆಕ್ಕ. ಸಂತೋಷವೇ ಆಯಿತು. ಮಾತು ಮುಂದುವರಿದಾಗ ಅವನೆಂದ:

“ಆಪ್ ಮಾಡೋದು ದೊಡ್ಡದಲ್ರಿ ಮೇಡಮ್ಮೋರೆ. ಮಂದಿ ದಿನಾ ಮೂರು ಸರ್ತಿ ತೆರದು ನೋಡಂಗ ಮಾಡಬೇಕ್ರಿ.”

“ರೊಟ್ಟಿ ಕೊಳ್ಳಾಕ ದಿನಕ್ಕ ಮೂರು ಸರ್ತಿ ಯಾಕ ಬರಬೇಕಪ್ಪಾ?”

“ಕೊಳ್ಳಾಕಲ್ರಿ. ಸುಮ್ನ ನೋಡಾಕ. ಅದಕ್ಕ ಎಂಗೇಜ್‌ಮೆಂಟ್ ಅಂತಾರ್ರಿ.”

ನಮ್ಮ ಕಡೆ ಎಂಗೇಜ್‌ಮೆಂಟ್ ಎಂದರೆ ನಿಶ್ಚಿತಾರ್ಥ. ಅವನೂ ನಾನೂ ನಕ್ಕೆವು. ಆಮೇಲೆ ಯೋಚಿಸಿದರೆ ಹೆಸರು ಅಷ್ಟೇನೂ ತಪ್ಪಲ್ಲ ಅನ್ನಿಸಿತು. ಬೇರೆ ಕಡೆ ನೋಡದ ಹಾಗೆ ಕಟ್ಟಿಹಾಕುವುದೇ ಅಲ್ಲವೇ ಅದು? ವ್ಯತ್ಯಾಸವೆಂದರೆ, ಇಲ್ಲಿ ಹುಡುಗಿಯನ್ನು ಯಾರೂ ಕೇಳಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬಂದ ಗಿರಾಕಿಯನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುವುದು ನ್ಯಾಯ?

ನೀವು ಹೇಳಬಹುದು: ಅರಿವೆ ಅಂಗಡಿಯವನು ಮಾಡುತ್ತಿದ್ದುದೇನು? ನಿಜವೇ. ಬಸವಕಲ್ಯಾಣದ ಅರಿವೆ ಅಂಗಡಿಗಳಲ್ಲಿ ಗಾದಿಯ ಮೇಲೆ ಕೂಡಿಸಿ, ಚಹಾ ತರಿಸಿ, ‘ತಗೊಳ್ಳೋದು ಬ್ಯಾಡ್ರಿ ಅಕ್ಕೋರೆ, ನೋಡ್ರಿ ಸಾಕು’ ಎನ್ನುತ್ತ ಮೂವತ್ತು ಸೀರೆ ಹರವುತ್ತಿದ್ದರು. ಮೂವತ್ತು ಸೀರೆ ಮಡಚಬೇಕಾದ ಹುಡುಗನ ಮುಖ ನೋಡಿ ಏನನ್ನೂ ಕೊಳ್ಳದೆ ಏಳಲು ನಮಗೇ ನಾಚಿಕೆ. ಅದೂ ಎಂಗೇಜ್‌ಮೆಂಟೇ. ಆದರೆ ಆ ಅಂಗಡಿಯವನು ನನ್ನ ಮುಖ ನೋಡುತ್ತಿದ್ದ. ಮಗು ಅತ್ತರೆ ಗಂಟು ಕಟ್ಟುತ್ತಿದ್ದ. ಕೈಯಲ್ಲಿ ದುಡ್ಡು ಕಡಿಮೆ ಇದೆಯೆಂದು ತಿಳಿದರೆ, ಎಲ್ಲರೂ ಅಲ್ಲದಿದ್ದರೂ ಕೆಲವರು, ‘ಈ ಸರ್ತಿ ಬ್ಯಾಡ, ಬನಶಂಕರಿಗೆ ಬರ್ರಿ’ ಅನ್ನುತ್ತಿದ್ದರು. ಅವನ ಹೆಂಡತಿ ನಮ್ಮ ಜೊತೆ ದೇವಸ್ಥಾನದಲ್ಲಿ ಕೂರುವವಳು. ಒಂದೇ ಊರಿನಲ್ಲಿ ಬಾಳಬೇಕಾದವನ ಆಸೆಗೆ ಒಂದು ಮಿತಿ ತಾನಾಗಿಯೇ ಬರುತ್ತದೆ. ಮತ್ತು ಎಂಟು ಗಂಟೆಗೆ ಅವನೂ ಬಾಗಿಲು ಹಾಕಲೇಬೇಕು.

ಹಾಗೆಂದು ಹಳೆಯ ಅಂಗಡಿಯನ್ನು ಹೊಗಳಿ ಕೂರಲಾರೆ. ಅದೇ ಗಾದಿಯ ಮೇಲೆ ತಾಂಡಾದಿಂದ ಬಂದ ಹೆಂಗಸಿಗೆ ಜಾಗ ಸಿಗುತ್ತಿರಲಿಲ್ಲ. ‘ಎಷ್ಟರದ್ದು ಬೇಕು?’ ಎಂದು ನಿಂತಲ್ಲೇ ಕೇಳುತ್ತಿದ್ದರು; ಎರಡಕ್ಕಿಂತ ಹೆಚ್ಚು ಸೀರೆ ಬಿಚ್ಚುತ್ತಿರಲಿಲ್ಲ. ಮುಖ ನೋಡುವವನು ಮುಖದಲ್ಲಿ ಜಾತಿಯನ್ನೂ ಬಡತನವನ್ನೂ ನೋಡುತ್ತಾನೆ. ಫೋನು ನೋಡುವುದು ಬೆರಳನ್ನು ಮಾತ್ರ. ಯಾರಿಗಾದರೂ ಸಾವಿರ ಸೀರೆ ಬಿಚ್ಚಿ ತೋರಿಸುತ್ತದೆ, ಮಡಚುವ ಹುಡುಗನೂ ಇಲ್ಲ. ನನ್ನ ಶಾಲೆಯ ಲಂಬಾಣಿ ಹುಡುಗಿಯೊಬ್ಬಳು ತನ್ನ ತಾಯಿಗೆಂದು ಫೋನಿನಲ್ಲಿ ಒಂದು ತಾಸು ಸೀರೆ ಆರಿಸಿದ ಕಥೆಯನ್ನು ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ, ‘ಒಂದು ತಾಸು ಹಾಳು ಮಾಡಿದೆಯಲ್ಲೇ’ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವಳ ತಾಯಿಗೆ ಯಾರೂ ಕೊಡದ ಒಂದು ತಾಸು ಅದು.

ಹೀಗಾಗಿ ಪ್ರಶ್ನೆ ಸಮಯದ್ದಲ್ಲ ಅನ್ನಿಸುತ್ತದೆ. ಆ ತಾಸನ್ನು ಆರಿಸಿಕೊಂಡವರು ಯಾರು ಎಂಬುದು ಪ್ರಶ್ನೆ.

ಪುಸ್ತಕಕ್ಕೆ ಪುಟದ ಕೊನೆಯಿದೆ. ಅಲ್ಲಿಗೆ ಬಂದಾಗ ಒಲೆಯ ಮೇಲಿಟ್ಟ ಹಾಲಿನ ನೆನಪಾಗುತ್ತದೆ. ಫೋನಿನಲ್ಲಿ ಆ ಕೊನೆಯನ್ನೇ ತೆಗೆದುಹಾಕಿದ್ದಾರೆ. ಬೆರಳಿನಿಂದ ಎಷ್ಟು ತಳ್ಳಿದರೂ ಕೆಳಗಿನಿಂದ ಹೊಸದು ಬರುತ್ತಲೇ ಇರುತ್ತದೆ. 2006ರಲ್ಲಿ ಇದನ್ನು ರೂಪಿಸಿದ ಏಜಾ ರಾಸ್ಕಿನ್ ಎಂಬ ಅಮೆರಿಕದವನು ಮುಂದೆ ತಾನೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ. ಅವನ ಪಶ್ಚಾತ್ತಾಪದಿಂದ ಪುಟದ ಕೊನೆ ಹಿಂದಿರುಗಿ ಬರಲಿಲ್ಲ.

ನಮ್ಮ ಸರಕಾರವೂ ಸುಮ್ಮನೆ ಕೂತಿಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಇಂಥ ಸಂತೆಗಳ 13 ಬಗೆಯ ಚಾಲಾಕಿತನಗಳನ್ನು ಹೆಸರಿಸಿ ನಿಷೇಧಿಸಿತು. ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ಸುಳ್ಳು ಅವಸರ ಹುಟ್ಟಿಸುವುದು, ಹೇಳದೆ ಬುಟ್ಟಿಗೆ ಇನ್ನೊಂದು ಸಾಮಾನು ಸೇರಿಸುವುದು, ಬೇಡ ಎಂದವರನ್ನು ನಾಚಿಸುವುದು, ಮತ್ತೆ ಮತ್ತೆ ಪೀಡಿಸುವುದು, ಹೀಗೆ. ಓದಿದಾಗ ಎಲ್ಲವೂ ಪರಿಚಿತವೇ. ನಮ್ಮ ಪಕ್ಕದ ಮನೆಯಾಕೆ ಒಂದು ಆಪಿನಲ್ಲಿ ‘ಇನ್ನು ಎರಡೇ ಉಳಿದಿವೆ’ ಎಂಬುದನ್ನು ಕಂಡು ಗಾಬರಿಯಿಂದ ಕುಕ್ಕರ್ ಕೊಂಡಳು. ನಾಲ್ಕು ದಿನದ ಮೇಲೆ ನೋಡಿದರೂ ಎರಡೇ ಉಳಿದಿದ್ದವು! ಸುಳ್ಳಿಗೆ ಈಗ ಕಾಯಿದೆಯಿದೆ. ಆದರೆ ಸುಳ್ಳು ಹೇಳದೆ, ಪೀಡಿಸದೆ, ಬರೀ ಚೆಂದದ ವಸ್ತುಗಳನ್ನು ಮುಗಿಯದಂತೆ ತೋರಿಸುತ್ತ ಕೂಡಿಸಿಕೊಳ್ಳುವುದು ಆ ಹದಿಮೂರರಲ್ಲಿಲ್ಲ. ಅದು ನೀತಿಗೆ ಬಿಟ್ಟದ್ದು.

ಕಲ್ಯಾಣದಲ್ಲಿ ಕೂತು ಈ ಮಾತಾಡುವಾಗ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದಿರುವುದು ಹೇಗೆ? ಈಗಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಗಂಡ ಮಾರಯ್ಯನೊಂದಿಗೆ ಬಂದವಳು. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ, ಅದರಲ್ಲೇ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಶಾಲೆಯಲ್ಲಿ ದುರಾಸೆಯ ಪಾಠವಾಗಿ ಹೇಳುತ್ತೇವೆ. ಆದರೆ ಜನ ಹೇಳುವ ಕಥೆಯಲ್ಲಿ ಇನ್ನೊಂದು ಅಂಶವಿದೆ: ಅಂದು ಅಂಗಳದಲ್ಲಿ ಬಸವಣ್ಣನವರೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರಂತೆ. ಮಾರಯ್ಯ ಕಳ್ಳನಲ್ಲ, ಆಸೆಬುರುಕನೂ ಅಲ್ಲ. ಕಣ್ಣ ಮುಂದೆ ಹೆಚ್ಚು ಬಿದ್ದಿತ್ತು, ಕೈ ಆಯ್ದುಕೊಂಡಿತು. ನಮ್ಮ ಬೆರಳೂ ಹಾಗೆಯೇ. ಅಲ್ಲಿ ಚೆಲ್ಲಿದವರು ಮಾರಯ್ಯನ ಕಾಯಕವನ್ನು ಪರೀಕ್ಷಿಸಲು ಒಂದು ದಿನ ಚೆಲ್ಲಿದರು. ಇಲ್ಲಿ ನಮ್ಮ ಕೈಯನ್ನು ಕಲಿತುಕೊಂಡು ಪ್ರತಿದಿನ ಚೆಲ್ಲುತ್ತಾರೆ. ಮನೆಮನೆಯಲ್ಲಿ ಒಬ್ಬ ಲಕ್ಕಮ್ಮ ಇರಲಿ ಎಂದು ಬಯಸುವುದು ಸರಿ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು, ರೊಟ್ಟಿ ಬಡಿದು, ಕೆಲಸಕ್ಕೆ ಹೋಗಿ ಬಂದು, ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಕೂತವಳ ಮೇಲೆಯೇ ಲಕ್ಕಮ್ಮನಾಗುವ ಹೊರೆಯನ್ನೂ ಹಾಕುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಚೆಲ್ಲುವವರು ತಮ್ಮ ಕೈಯನ್ನೂ ನೋಡಿಕೊಳ್ಳಬೇಕು.

ಇದನ್ನೆಲ್ಲ ಆ ಹುಡುಗನಿಗೆ ಹೇಳಿದಾಗ ಅವನು ಗೌರವದಿಂದಲೇ ಕೇಳಿದ. ಆಮೇಲೆ ಅವನು ಹೇಳಿದ್ದರಲ್ಲೂ ಸತ್ಯವಿತ್ತು. ಮಾರುವವರಿಂದ ಕಮಿಷನ್ ತೆಗೆದುಕೊಂಡರೆ ಸಂಘದವರು ಬರುವುದಿಲ್ಲ. 2021ರಲ್ಲಿ ಮೀಶೋದವರೇ ಕಮಿಷನ್ ಬಿಟ್ಟುಕೊಟ್ಟರು. ಹಾಗಾದಾಗ ಸಂತೆ ನಡೆಸುವವನು ಸಾಗಣೆ, ಜಾಹೀರಾತುಗಳಿಂದ ದುಡಿಯಬೇಕು. ಜಾಹೀರಾತಿಗೆ ಕಣ್ಣುಗಳು ಬೇಕು, ಕಣ್ಣುಗಳು ಹೊತ್ತುಗಟ್ಟಲೆ ಬೇಕು. “ದಿನಾ ಎಷ್ಟು ಮಂದಿ ತೆರದು ನೋಡತಾರ ಅಂತ ಕೇಳೇ ದುಡ್ಡು ಹಾಕತಾರ್ರಿ. ವಾರಕ್ಕೊಮ್ಮಿ ಎರಡು ನಿಮಿಷ ಬಂದು ರೊಟ್ಟಿ ತಗೊಂಡು ಹೋಗತಾರ ಅಂದ್ರ ನಗತಾರ.” ವಾರಕ್ಕೊಮ್ಮೆ ಎರಡು ನಿಮಿಷ ಬಂದು, ಬೇಕಾದ್ದನ್ನು ಒಯ್ದು, ಮುಂದಿನ ವಾರವೂ ಬರುವವಳಿಗಿಂತ ಒಳ್ಳೆಯ ಗಿರಾಕಿ ಯಾರಿದ್ದಾಳೆ? ಸಂತೆಯ ಲೆಕ್ಕದಲ್ಲಿ ಅವಳೇ ಚಿನ್ನ. ಆದರೆ ಈ ಹೊಸ ಲೆಕ್ಕದಲ್ಲಿ ಅವಳು ನಷ್ಟ. ಇಲ್ಲಿ ಎಲ್ಲೋ ಲೆಕ್ಕ ಬರೆಯುವವರ ಕೋಷ್ಟಕವೇ ತಲೆಕೆಳಗಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಘದ ಹೆಣ್ಣುಮಕ್ಕಳೊಂದಿಗೆ ಅವನನ್ನು ಕೂಡಿಸಿದೆ. ಮೂರು ಸರ್ತಿಯ ಮಾತನ್ನು ಅವರ ಮುಂದೆಯೇ ಇಡು ಎಂದೆ; ಇಟ್ಟ. ಅವರು ಯೋಚಿಸಿದ ದಾರಿಯೇ ಬೇರೆ. ವಾರದಲ್ಲಿ ಎರಡು ದಿನ ಮಾತ್ರ ಆರ್ಡರ್ ತೆಗೆದುಕೊಳ್ಳೋಣ, ಆ ದಿನ ಬಡಿಯೋಣ, ಮರುದಿನ ಕಳಿಸೋಣ, ಉಳಿದ ದಿನ ಹೊಲ, ಮನೆ ನೋಡಿಕೊಳ್ಳೋಣ ಎಂದು ಹಿರಿಯಳೊಬ್ಬಳು ಹೇಳಿದಳು. ಆಪಿನಲ್ಲಿ ಉಳಿದ ದಿನ ಏನು ತೋರಿಸುವುದು ಎಂದು ಹುಡುಗ ಕೇಳಿದ. “ಸಂತಿ ಇಲ್ಲ ಅಂತ ತೋರ್ಸು” ಎಂದಳು. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತ ಒಬ್ಬ ಸಣ್ಣ ವಯಸ್ಸಿನವಳು ಮಾತ್ರ ನಗಲಿಲ್ಲ. ಮಗಳ ನರ್ಸಿಂಗ್ ಫೀಸು ಕಟ್ಟಬೇಕಾದವಳು ಅವಳು. ದಿನಾ ಬಡಿಯಲು ತಾನು ತಯಾರಿದ್ದೇನೆ, ದಿನಾ ಮಂದಿ ಬಂದು ನೋಡಿದರೆ ತನಗೇನೂ ತೊಂದರೆಯಿಲ್ಲ ಎಂದಳು. ಆ ಹೊತ್ತಿಗೆ ಸಭೆ ಎರಡು ಪಾಲಾಯಿತು. ಮುಂದಿನ ತಿಂಗಳ ಸಭೆಗೆ ಮಾತು ಮುಂದೂಡಿ, ಅಲ್ಲಿಯವರೆಗೆ ವಾರಕ್ಕೆರಡು ದಿನ ಎಂದು ಪುಸ್ತಕದಲ್ಲಿ ಬರೆದುಕೊಂಡರು.